ಅಪಾಯದ ಲೆಕ್ಕ ನಮ್ಮನ್ನು ಕೇಳಿ ಬರೆಯಿರಿ

ಲೈಂಗಿಕ ಸೋಂಕು ತಡೆ ಮತ್ತು ಚಿಕಿತ್ಸೆ ಕುರಿತು ಕರ್ನಾಟಕದ ದುಡಿಯುವ ಹೆಣ್ಣುಮಕ್ಕಳ ಹಕ್ಕೊತ್ತಾಯ ಪತ್ರ

ಇವರಿಗೆ:
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು
ಮಾನ್ಯ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರು
ಮಾನ್ಯ ಗೃಹ ಸಚಿವರು
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ಮಾನ್ಯರೇ,

ಈ ಪತ್ರಕ್ಕೆ ಸಹಿ ಹಾಕಿದವರು, ಹೆಬ್ಬೆಟ್ಟು ಒತ್ತಿದವರು ಹಲವು ಬಗೆಯ ಹೆಣ್ಣುಮಕ್ಕಳು. ಲೈಂಗಿಕ ವೃತ್ತಿಯಲ್ಲಿರುವವರು ಇದ್ದೇವೆ. ದೇವದಾಸಿಯರೆಂದು ಮುತ್ತು ಕಟ್ಟಿಸಿಕೊಂಡು, ಆ ಬದುಕಿನಿಂದ ಕಷ್ಟಪಟ್ಟು ಹೊರಬಂದವರು ಇದ್ದೇವೆ. ಗಂಡನ ಜೊತೆ ಸಾಂಗ್ಲಿ, ಕೊಲ್ಹಾಪುರದ ಕಡೆ ಕಬ್ಬು ಕಡಿಯಲು ಗುಳೆ ಹೋಗುವವರು, ಗಂಡನನ್ನು ಪುಣೆ, ಮುಂಬೈಗೆ ಕಳಿಸಿ ಊರಲ್ಲೇ ಉಳಿದವರು, ಬೆಳಗ್ಗೆ ಮನೆ ಬಿಟ್ಟರೆ ಕತ್ತಲಾದ ಮೇಲೆ ಗಾರ್ಮೆಂಟ್ಸ್‌ನಿಂದ ಮರಳುವವರು ಇದ್ದೇವೆ. ಇಷ್ಟೂ ಜನ ಒಟ್ಟಿಗೆ ಕೂತು ಒಂದೇ ಪತ್ರ ಬರೆಯುವುದು ಸುಲಭವಾಗಿರಲಿಲ್ಲ. "ಅವರ ಹೆಸರಿನ ಪಕ್ಕ ನನ್ನ ಹೆಸರೇ?" ಎಂಬ ಅಳುಕು ಎರಡೂ ಕಡೆ ಇತ್ತು. ಆ ಅಳುಕು ಎಲ್ಲಿಂದ ಬಂತು ಎಂಬುದೇ ನಮ್ಮ ಮೊದಲ ಹಕ್ಕೊತ್ತಾಯದ ವಿಷಯ.

ಸರ್ವೆಗೆ ಬಂದವರು ನಮ್ಮನ್ನು ಒಂದು ಪ್ರಶ್ನೆ ಕೇಳುತ್ತಾರೆ: "ನಿಮಗೆ ಲೈಂಗಿಕ ಸೋಂಕು ತಗಲಬಹುದು ಅನ್ನಿಸುತ್ತಾ?" ನಮ್ಮಲ್ಲಿ ಹೆಚ್ಚಿನವರು "ಇಲ್ಲ" ಅನ್ನುತ್ತೇವೆ. ಫಾರಂನಲ್ಲಿ ಟಿಕ್ ಬೀಳುತ್ತದೆ. ವರದಿಯಲ್ಲಿ ಅದು "ಅರಿವಿನ ಕೊರತೆ" ಎಂದಾಗುತ್ತದೆ. ಅರಿವು ಮೂಡಿಸಲು ಬೀದಿ ನಾಟಕ, ಗೋಡೆ ಬರಹ, ಜಾಥಾ ಬರುತ್ತವೆ. "ಇಲ್ಲ" ಅಂದವಳು ಯಾಕೆ ಹಾಗಂದಳು ಎಂದು ಕೇಳಲು ಯಾರೂ ಮತ್ತೆ ಬರುವುದಿಲ್ಲ.

ಆ "ಇಲ್ಲ"ದ ಹಿಂದೆ ಮೂರು ಲೆಕ್ಕಗಳಿವೆ. ಮೊದಲನೆಯದು ನಂಬಿಕೆಯ ಲೆಕ್ಕ. ಗಿರಾಕಿಯ ಜೊತೆ ತಪ್ಪದೆ ಕಾಂಡೋಮ್ ಬಳಸುವವಳು ತನ್ನ ಮನೆಗೆ ಬರುವ ಗಂಡಸಿನ ಜೊತೆ ಬಳಸುವುದಿಲ್ಲ. "ನಮ್ಮಾಂವ ಚಲೋ ಮನಷ್ಯಾ ಅದಾನ್ರೀ, ಇಷ್ಟು ವರ್ಷದಿಂದ ನನ್ನ ಕೂಡ ಅದಾನ, ಅವನಿಂದ ನನಗೇನ್ ಬರತೈತಿ?" ಎಂದು ಬಾಗಲಕೋಟೆ ಕಡೆಯವಳು ಕೇಳುತ್ತಾಳೆ. "ನಮ್ಮೆಜಮಾನ್ರು ಅಂಥೋರಲ್ಲ ಕಣಕ್ಕಾ" ಎಂದು ಮಂಡ್ಯದ ಗೃಹಿಣಿ ಅನ್ನುತ್ತಾಳೆ. ಇಬ್ಬರೂ ಅಳೆಯುತ್ತಿರುವುದು ಗಂಡಸಿನ ಮೇಲಿನ ನಂಬಿಕೆಯನ್ನು. ಆ ಗಂಡಸು ಬೇರೆಲ್ಲಿ ಹೋಗಿ ಬಂದ, ಅವನಿಗೆ ಎಂದಾದರೂ ಪರೀಕ್ಷೆ ಆಗಿದೆಯೇ ಎಂಬ ಪ್ರಶ್ನೆಗೆ ಆ ಅಳತೆಯಲ್ಲಿ ಜಾಗವಿಲ್ಲ. ಕೇಳಿದರೆ ಸಂಬಂಧವೇ ಮುರಿಯುತ್ತದೆ. ಕಾಂಡೋಮ್ ಎತ್ತಿಕೊಟ್ಟರೆ "ನನ್ನ ಮೇಲೆ ಅನುಮಾನವೇ?" ಎಂಬ ಮಾತು ಬರುತ್ತದೆ, ಇಲ್ಲವೇ "ನೀನೇ ಎಲ್ಲಿಗೆ ಹೋಗಿದ್ದೆ?" ಎಂಬ ಏಟು ಬೀಳುತ್ತದೆ.

ಎರಡನೆಯದು ದೇಹದ ಲೆಕ್ಕ. ನೋವಿಲ್ಲ, ಉರಿಯಿಲ್ಲ, ಹಾಗಾದರೆ ರೋಗವೂ ಇಲ್ಲ ಎಂದು ನಾವು ತಿಳಿಯುತ್ತೇವೆ. ಹೆಂಗಸರಲ್ಲಿ ಕ್ಲಮೈಡಿಯಾ, ಗೊನೊರಿಯಾ ಬಹುಪಾಲು ಯಾವ ಲಕ್ಷಣವನ್ನೂ ತೋರಿಸದೆ ಒಳಗೇ ಇರುತ್ತವೆ, ಗರ್ಭನಾಳ ಕೆಡಿಸಿ ಮುಂದೆ ಬಂಜೆತನಕ್ಕೂ ಕಾರಣವಾಗಬಹುದು ಎಂದು ನಮಗೆ ಹೇಳಿದವರು ಕಡಿಮೆ. ಬಿಳಿಸೆರಗು ಹೋದರೆ ಉಷ್ಣ ಎನ್ನುತ್ತೇವೆ. ಮೆಂತ್ಯದ ನೀರು, ಎಳನೀರು, ತಂಪಿನ ಬೀಜ ಕುಡಿಯುತ್ತೇವೆ. ಬಿಳಿಸೆರಗೆಲ್ಲ ಲೈಂಗಿಕ ರೋಗವಲ್ಲ ಎಂಬುದೂ ನಿಜ. ಯಾವುದು ಹೌದು, ಯಾವುದು ಅಲ್ಲ ಎಂದು ನೋಡಿ ಹೇಳುವ ಒಬ್ಬರು ಬೇಕು, ಅವರೇ ಸಿಗುವುದಿಲ್ಲ.

ಮೂರನೆಯದು ಹೊಟ್ಟೆಯ ಲೆಕ್ಕ. ಸೋಂಕು ತಗಲಿದರೆ ಕಾಣುವುದು ತಿಂಗಳುಗಳ, ವರ್ಷಗಳ ಮೇಲೆ. ಸಂಘದ ಕಂತು ಕಟ್ಟಬೇಕಾದ್ದು ಈ ಮಂಗಳವಾರ. ಕಾಂಡೋಮ್ ಬೇಡ ಅನ್ನುವ ಗಿರಾಕಿ ಹೆಚ್ಚಿಗೆ ಕೊಡುತ್ತೇನೆ ಅನ್ನುತ್ತಾನೆ. ಆ ಹೊತ್ತಿನಲ್ಲಿ ಅಪಾಯ ಗೊತ್ತಿದ್ದೂ ಒಪ್ಪುವವಳನ್ನು ಅಜ್ಞಾನಿ ಎಂದು ಬರೆಯಬೇಡಿ. ಮನೆ ಬಾಡಿಗೆ, ಮಗುವಿನ ಶಾಲೆ ಫೀಸು, ಪೊಲೀಸಿನವರ ಕಾಟ, ಸಾಲದವರ ಕೂಗು, ಇವೆಲ್ಲ ಆದಮೇಲೆ ಅವಳ ಪಟ್ಟಿಯಲ್ಲಿ ಸೋಂಕಿನ ಸರದಿ.

2020ರಲ್ಲಿ ಜಗತ್ತಿನಾದ್ಯಂತ ಗುಣಪಡಿಸಬಹುದಾದ ನಾಲ್ಕು ಲೈಂಗಿಕ ಸೋಂಕುಗಳೇ, ಅಂದರೆ ಸಿಫಿಲಿಸ್, ಗೊನೊರಿಯಾ, ಕ್ಲಮೈಡಿಯಾ, ಟ್ರೈಕೊಮೊನಿಯಾಸಿಸ್, ಹೊಸದಾಗಿ 37 ಕೋಟಿಗೂ ಹೆಚ್ಚು ತಗಲಿದವು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಔಷಧ ಇರುವ ರೋಗಗಳು ಇವು. ಹಾಗಿದ್ದೂ ನಮ್ಮಲ್ಲಿ ಲೈಂಗಿಕ ಸೋಂಕು ಅಂದರೆ ಎಚ್‌ಐವಿ ಒಂದೇ ಎಂಬ ತಿಳಿವಳಿಕೆ ಉಳಿದುಬಿಟ್ಟಿದೆ. ಎಚ್‌ಐವಿ ಬಗ್ಗೆಯೂ ಸಮಗ್ರ ಅರಿವು ಇರುವ ಹೆಂಗಸರು ದೇಶದಲ್ಲಿ ನೂರಕ್ಕೆ ಸುಮಾರು 22 ಮಂದಿ ಮಾತ್ರ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೇ ಹೇಳಿದೆ.

ಆದ್ದರಿಂದ ನಮ್ಮ ಹಕ್ಕೊತ್ತಾಯಗಳು ಇವು.

1. ಅಪಾಯವನ್ನು ಹೆಂಗಸಿನ ಹಣೆಗೆ ಅಂಟಿಸುವುದನ್ನು ನಿಲ್ಲಿಸಿ.

1986ರಲ್ಲಿ ಮದರಾಸಿನಲ್ಲಿ ಲೈಂಗಿಕ ವೃತ್ತಿಯಲ್ಲಿದ್ದ ಕೆಲವು ಹೆಂಗಸರ ರಕ್ತದಲ್ಲಿ, ನಮ್ಮ ದೇಶದ ಮಟ್ಟಿಗೆ, ಎಚ್‌ಐವಿ ಮೊದಲು ಪತ್ತೆಯಾಯಿತು. ಅಂದಿನಿಂದ ಏಡ್ಸ್ ತಡೆ ಕಾರ್ಯಕ್ರಮದ ಭಾಷೆ ಒಂದೇ: ಹೈ ರಿಸ್ಕ್ ಗ್ರೂಪ್. ಹಣ ಯಾರಿಗೆ ಮೊದಲು ತಲುಪಬೇಕು ಎಂದು ನಿರ್ಧರಿಸಲು ಆ ಪಟ್ಟಿ ಬೇಕಿತ್ತು, ಅದರಿಂದ ಪ್ರಾಣಗಳು ಉಳಿದಿವೆ ಎಂಬುದನ್ನು ನಾವು ಒಪ್ಪುತ್ತೇವೆ. ಆದರೆ ಅದೇ ಭಾಷೆ ಗೋಡೆಯ ಮೇಲೆ, ಆಸ್ಪತ್ರೆಯ ಚೀಟಿಯ ಮೇಲೆ, ಸಿಬ್ಬಂದಿಯ ಬಾಯಲ್ಲಿ ಬಂದಾಗ ಮನೆಯಲ್ಲಿರುವ ಹೆಂಡತಿ ಕಲಿತದ್ದು "ಇದು ಅಂಥವರ ರೋಗ" ಎಂಬುದನ್ನು. ತಿಂಗಳಿಗೆ ಒಂದೆರಡು ಸಲ, ಕೈಸಾಲ ತೀರಿಸಲು ಫೋನಿನಲ್ಲೇ ಮಾತಾಡಿ ಹೋಗಿಬರುವ ಗಾರ್ಮೆಂಟ್ಸ್ ಕೆಲಸದವಳು ಕಲಿತದ್ದೂ ಅದನ್ನೇ. ಅವಳು ತನ್ನನ್ನು "ಅಂಥವಳು" ಎಂದು ಎಣಿಸಿಕೊಂಡಿಲ್ಲ, ಹಾಗಾಗಿ ಯಾವ ಕ್ಲಿನಿಕ್ಕಿಗೂ ಹೋಗುವುದಿಲ್ಲ.

ಪ್ರಚಾರದ ಎಲ್ಲ ಸಾಮಗ್ರಿಯಲ್ಲಿ ಅಪಾಯ ಎಂದರೆ ರಕ್ಷಣೆಯಿಲ್ಲದ ಸಂಪರ್ಕ ಎಂದು ಬರೆಯಿರಿ, ಅದು ಗಂಡನ ಜೊತೆಯಾದರೂ, ಪ್ರೀತಿಸಿದವನ ಜೊತೆಯಾದರೂ. ಒಪಿಡಿ ಚೀಟಿ, ಕೇಸ್ ಶೀಟ್, ಲ್ಯಾಬ್ ಫಾರಂ ಯಾವುದರ ಮೇಲೂ ವೃತ್ತಿ ಸೂಚಿಸುವ ಗುರುತು, ಅಕ್ಷರ, ಸಂಕೇತ ಇರಕೂಡದು.

2. ಲಕ್ಷಣ ಇಲ್ಲದವರಿಗೂ ಪರೀಕ್ಷೆ ಆಗಲಿ.

ಲೈಂಗಿಕ ಸೋಂಕಿಗೆಂದಿರುವ ಸರ್ಕಾರಿ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಇಂದಿಗೂ ಲಕ್ಷಣ ಕೇಳಿ ಬಣ್ಣದ ಕಿಟ್ ಕೊಡುತ್ತಾರೆ. ಬಿಳಿಸೆರಗಿಗೆ ಹಸಿರು, ಗರ್ಭಕೊರಳಿನ ಸ್ರಾವಕ್ಕೆ ಬೂದು, ಹುಣ್ಣಿಗೆ ಬಿಳಿ, ಕೆಳಹೊಟ್ಟೆ ನೋವಿಗೆ ಹಳದಿ, ಹೀಗೆ ಏಳು ಬಗೆ. ಲ್ಯಾಬ್ ಇಲ್ಲದ ಊರಿನಲ್ಲಿ ಬಂದ ದಿನವೇ ಔಷಧ ಸಿಗಲಿ ಎಂದು ಮಾಡಿದ ವ್ಯವಸ್ಥೆ ಇದು. ಗಂಡಸರ ಸ್ರಾವದ ಮಟ್ಟಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಹೆಂಗಸರಲ್ಲಿ ಗರ್ಭಕೊರಳಿನ ಸೋಂಕನ್ನು ಹಿಡಿಯುವಲ್ಲಿ ಇದು ಸೋಲುತ್ತದೆ ಎಂಬುದು ವೈದ್ಯಲೋಕಕ್ಕೆ ದಶಕಗಳಿಂದ ಗೊತ್ತಿರುವ ವಿಷಯ. ಲಕ್ಷಣ ಇಲ್ಲದವಳಿಗೆ ಕಿಟ್ ಇಲ್ಲ. "ಏನೂ ತೊಂದರೆ ಇಲ್ಲ ತಾನೇ? ಹೋಗಮ್ಮ" ಎಂದು ಕಳಿಸುತ್ತಾರೆ. ತನಗೇನೂ ಆಗಿಲ್ಲ ಎಂದು ಅವಳು ಆಸ್ಪತ್ರೆಯಿಂದಲೇ ಖಾತ್ರಿ ಪಡೆದು ಮನೆಗೆ ಹೋಗುತ್ತಾಳೆ. ತಪ್ಪು ಲೆಕ್ಕವನ್ನು ಇಲ್ಲಿ ಬರೆದುಕೊಟ್ಟವರು ನಾವಲ್ಲ.

ಕ್ಷಯ ಪತ್ತೆಗೆಂದು ತಂದ ಜೀನ್‌ಎಕ್ಸ್‌ಪರ್ಟ್ ಯಂತ್ರದಲ್ಲಿ ಕ್ಲಮೈಡಿಯಾ, ಗೊನೊರಿಯಾ ನೋಡುವ ಕಾರ್ಟ್ರಿಜ್ ಕೂಡ ಬಳಸಬಹುದು. ಸ್ವಾಬ್ ಅನ್ನು ಹೆಂಗಸು ತಾನೇ ಶೌಚಾಲಯಕ್ಕೆ ಹೋಗಿ ತೆಗೆದುಕೊಡಬಹುದು, ಯಾರ ಮುಂದೆಯೂ ಮಲಗಬೇಕಿಲ್ಲ. ಇದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆ ಇದೆ. ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿ ಮೊದಲು, ನಂತರ ತಾಲ್ಲೂಕು ಆಸ್ಪತ್ರೆಗಳಲ್ಲಿ, ಕೇಳಿದ ಪ್ರತಿ ಹೆಣ್ಣಿಗೂ ಈ ಪರೀಕ್ಷೆ ಉಚಿತವಾಗಿ ಸಿಗಬೇಕು. ಯಾಕೆ ಬೇಕು ಎಂದು ವಿವರಣೆ ಕೇಳಬಾರದು.

3. ರಿಸಲ್ಟ್ ಚೀಟಿಯಲ್ಲಿ ಏನು ನೋಡಿದಿರಿ, ಏನು ನೋಡಲಿಲ್ಲ ಎಂದು ಕನ್ನಡದಲ್ಲಿ ಬರೆದುಕೊಡಿ.

ಎಚ್‌ಐವಿ ಪರೀಕ್ಷಾ ಕೇಂದ್ರವಾದ ಐಸಿಟಿಸಿಯಲ್ಲಿ "ನೆಗೆಟಿವ್" ಬಂದರೆ ನಮ್ಮಲ್ಲಿ ಅದು ಸರ್ಟಿಫಿಕೇಟ್. ಗಿರಾಕಿಗೆ ತೋರಿಸುತ್ತೇವೆ, ಗಿರಾಕಿಯೂ ತನ್ನದನ್ನು ತೋರಿಸುತ್ತಾನೆ, ಕಾಂಡೋಮ್ ಪಕ್ಕಕ್ಕೆ ಹೋಗುತ್ತದೆ. ಅದು ಎಚ್‌ಐವಿ ಒಂದರದೇ ಫಲಿತಾಂಶ, ಇತ್ತೀಚಿನ ವಾರಗಳಲ್ಲಿ ತಗಲಿದ್ದರೆ ಅದೂ ಕಾಣದಿರಬಹುದು, ಮತ್ತೆ ಯಾವಾಗ ಬರಬೇಕು, ಇವಿಷ್ಟೂ ಚೀಟಿಯ ಮೇಲೆಯೇ ದೊಡ್ಡ ಅಕ್ಷರದಲ್ಲಿ ಇರಲಿ. ಓದಲು ಬಾರದವರಿಗೆ ಕೌನ್ಸೆಲರ್ ಓದಿ ಹೇಳಲಿ.

4. ಚಿಲಕವಿರುವ ಒಂದು ಕೋಣೆ ಕೊಡಿ.

ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ಒಳಗನ್ನು ಹೇಳುತ್ತೇವೆ, ಊರಿನ ಹೆಸರು ಬೇಡ. ಪರೀಕ್ಷೆ ಮಾಡುವ ಟೇಬಲ್ ಕಿಟಕಿಗೆ ಒತ್ತಿ ಇದೆ. ಪರದೆ ಹಾಕುವ ಸರಿಗೆ ಇದೆ, ಪರದೆ ಇಲ್ಲ. ಬಾಗಿಲು ಮುಚ್ಚಿದರೂ ಚಿಲಕ ಕೂರುವುದಿಲ್ಲ, ಅದಕ್ಕೆ ಪ್ಲಾಸ್ಟಿಕ್ ಕುರ್ಚಿ ಅಡ್ಡ ಇಡುತ್ತಾರೆ. ಅದೇ ಕೋಣೆಯಲ್ಲಿ ಫ್ರಿಜ್ ಇರುವುದರಿಂದ ಲಸಿಕೆ ತೆಗೆಯಲು ಯಾರಾದರೂ ಕುರ್ಚಿ ಸರಿಸಿ ಒಳಬರುತ್ತಾರೆ. ಅಲ್ಲಿ ಸೀರೆ ಎತ್ತಿ ಮಲಗಲು ಯಾರು ಒಪ್ಪುತ್ತಾರೆ? ಹಾಗಾಗಿ ಹೊರಗೆ ಟೇಬಲ್ಲಿನ ಬಳಿಯೇ, ಸಾಲಿನಲ್ಲಿ ನಿಂತವರು ಕೇಳುವಂತೆ, "ಏನಮ್ಮ, ವಾಸನೆ ಬರುತ್ತಾ? ತುರಿಕೆ ಇದೆಯಾ?" ಎಂಬ ಪ್ರಶ್ನೆ. ಅವಳು ಇಲ್ಲ ಎಂದು ತಲೆಯಾಡಿಸಿ ತಲೆನೋವಿನ ಮಾತ್ರೆ ತೆಗೆದುಕೊಂಡು ಬರುತ್ತಾಳೆ.

ಒಳಗಿನಿಂದ ಹಾಕಿಕೊಳ್ಳುವ ಚಿಲಕ, ಪರದೆ, ಬೆಳಕು, ಸ್ವಚ್ಛವಾದ ಸ್ಪೆಕ್ಯುಲಮ್, ಜೊತೆಗೊಬ್ಬ ಮಹಿಳಾ ಸಿಬ್ಬಂದಿ, ಇಷ್ಟು ಪ್ರತಿ ಕೇಂದ್ರದಲ್ಲಿ ಇರಬೇಕು. ಕಿಟ್‌ಗಳನ್ನು ಬಣ್ಣ ಕಾಣದ ಕವರಿನಲ್ಲಿ ಹಾಕಿಕೊಡಬೇಕು. ಯಾವ ಬಣ್ಣ ಯಾವುದಕ್ಕೆಂದು ಊರಿಗೆ ತಿಳಿಯಲು ಬಹಳ ದಿನ ಬೇಕಾಗುವುದಿಲ್ಲ.

5. ಬೆಂಜಥೀನ್ ಪೆನಿಸಿಲಿನ್ ಇಲ್ಲ ಎಂಬ ಮಾತು ಯಾವ ಸರ್ಕಾರಿ ಆಸ್ಪತ್ರೆಯಲ್ಲೂ ಕೇಳಬಾರದು.

ಆರಂಭದ ಹಂತದ ಸಿಫಿಲಿಸ್ ಈ ಔಷಧದ 24 ಲಕ್ಷ ಯುನಿಟ್‌ನ ಒಂದು ಸಲದ ಇಂಜೆಕ್ಷನ್‌ಗೆ ವಾಸಿಯಾಗುತ್ತದೆ. ಬಸುರಿಯಲ್ಲಿ ಬಿಟ್ಟರೆ ಮಗು ಹೊಟ್ಟೆಯಲ್ಲೇ ಸಾಯಬಹುದು, ಹುಟ್ಟಿದರೂ ರೋಗ ಹೊತ್ತು ಹುಟ್ಟಬಹುದು. ಎಷ್ಟೋ ಮನೆಗಳಲ್ಲಿ ಸತ್ತು ಹುಟ್ಟಿದ ಮಗುವಿನ ಕಾರಣ ಇಂದಿಗೂ "ದೃಷ್ಟಿ". ಅಲರ್ಜಿಯಾದೀತು ಎಂಬ ಅಂಜಿಕೆಯಿಂದ ಪೆನಿಸಿಲಿನ್ ಕೊಡಲು ಹಿಂಜರಿದು ಮುಂದಿನ ಆಸ್ಪತ್ರೆಗೆ ಕಳಿಸುವ ಅಭ್ಯಾಸ ಇದೆ. ಮುಂದಿನ ಆಸ್ಪತ್ರೆಗೆ ಹೋಗಲು ಒಂದು ದಿನದ ಕೂಲಿ ಮತ್ತು ಗಂಡನಿಗೆ ಹೇಳಲು ಒಂದು ಸುಳ್ಳು ಬೇಕು. ಅಲರ್ಜಿ ನಿಭಾಯಿಸುವ ಅಡ್ರಿನಲಿನ್ ಮತ್ತು ತರಬೇತಿ ಪ್ರತಿ ಕೇಂದ್ರಕ್ಕೂ ಕೊಡಿ.

ಎಚ್‌ಐವಿ ಮತ್ತು ಸಿಫಿಲಿಸ್ ಎರಡನ್ನೂ ಒಂದೇ ಹನಿ ರಕ್ತದಲ್ಲಿ ನೋಡುವ ಕಿಟ್ ಈಗ ಇದೆ. ತಾಯಿ ಕಾರ್ಡ್ ಮಾಡಿಸುವ ದಿನವೇ ಅದರಿಂದ ಪರೀಕ್ಷೆ ಆಗಲಿ. ಗುಳೆ ಹೋಗಿ ಬಂದ ಕುಟುಂಬಗಳಲ್ಲಿ ಏಳು-ಎಂಟನೇ ತಿಂಗಳಲ್ಲಿ ಮತ್ತೊಮ್ಮೆ ಆಗಲಿ. ಮೊದಲ ಸಲ ಇಲ್ಲದ್ದು ನಡುವೆ ತಗಲಿರಬಹುದು.

6. ಜೊತೆಗಾರನಿಗೂ ಚಿಕಿತ್ಸೆ, ನಮಗೆ ರಕ್ಷಣೆ.

ಒಬ್ಬಳಿಗೇ ಔಷಧ ಕೊಟ್ಟರೆ ಅದೇ ಹಾಸಿಗೆಯಲ್ಲಿ ಸೋಂಕು ಮತ್ತೆ ಬರುತ್ತದೆ. ಇದು ಗೊತ್ತಿದ್ದೂ "ನಿಮ್ಮೆಜಮಾನ್ರನ್ನ ಕರ್ಕೊಂಡು ಬನ್ನಿ" ಎಂದು ಆ ಭಾರವನ್ನು ನಮ್ಮ ತಲೆಗೇ ಕಟ್ಟುತ್ತೀರಿ. ಹೇಳಿದವಳಿಗೆ ಏನಾಗುತ್ತದೆ ಎಂದು ಯಾರೂ ವಿಚಾರಿಸುವುದಿಲ್ಲ. ಹೊಡೆತ ತಿಂದವರಿದ್ದಾರೆ, ತವರಿಗೆ ಅಟ್ಟಿಸಿಕೊಂಡವರಿದ್ದಾರೆ. ತಂದವನು ಅವನೇ ಆದರೂ ಮೊದಲು ಪತ್ತೆಯಾದವಳೇ ಅಪರಾಧಿ.

2017ರ ಎಚ್‌ಐವಿ ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಕಾಯ್ದೆ 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂತು. ಹೇಳಿದರೆ ಹಿಂಸೆಯೋ ಮನೆಯಿಂದ ಹೊರಹಾಕುವುದೋ ಆದೀತು ಎಂಬ ಭಯಕ್ಕೆ ಕಾರಣ ಇದ್ದಾಗ, ವಿಶೇಷವಾಗಿ ಹೆಂಗಸರ ವಿಷಯದಲ್ಲಿ, ಸಂಗಾತಿಗೆ ತಿಳಿಸಬಾರದು ಎಂದು ಆ ಕಾಯ್ದೆ ವೈದ್ಯರನ್ನು ತಡೆಯುತ್ತದೆ. ಬಹಳ ವಿವೇಕದ ಮಾತು ಅದು. ಆದರೆ ಅದು ಎಚ್‌ಐವಿಗೆ ಮಾತ್ರ. ಸಿಫಿಲಿಸ್ ಬಂದವಳಿಗೆ, ಹರ್ಪಿಸ್ ಬಂದವಳಿಗೆ ಆ ರಕ್ಷಣೆ ಇಲ್ಲ. ರಾಜ್ಯ ಸರ್ಕಾರ ಸುತ್ತೋಲೆ ಹೊರಡಿಸಿ ಎಲ್ಲ ಲೈಂಗಿಕ ಸೋಂಕುಗಳಿಗೂ ಅದೇ ಗೋಪ್ಯತೆಯನ್ನು ಅನ್ವಯಿಸಲಿ. ಜೊತೆಗಾರನಿಗೆ ಬೇಕಾದ ಮಾತ್ರೆಯನ್ನು, ಅವನು ಬರಲು ಒಪ್ಪದಿದ್ದಾಗ, ವೈದ್ಯರು ಸರಿ ಎಂದು ಕಂಡರೆ ಅವಳ ಕೈಯಲ್ಲೇ ಕಳಿಸಲು ಅವಕಾಶವಿರಲಿ. ಅದೇ ಕಾಯ್ದೆಯಡಿ ನೇಮಕವಾಗಬೇಕಾದ ಒಂಬುಡ್ಸ್‌ಮನ್ ಯಾರು, ದೂರು ಕೊಡುವುದು ಹೇಗೆ ಎಂಬುದನ್ನು ಪ್ರತಿ ಐಸಿಟಿಸಿಯ ಗೋಡೆಯ ಮೇಲೆ ಬರೆಸಿ.

7. ಬ್ಯಾಗಿನಲ್ಲಿರುವ ಕಾಂಡೋಮ್ ಸಾಕ್ಷ್ಯವಲ್ಲ.

ಬುದ್ಧದೇವ್ ಕರ್ಮಾಸ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರ ಮೇ 19ರಂದು ಇದನ್ನು ಸ್ಪಷ್ಟವಾಗಿ ಹೇಳಿದೆ. ಪೊಲೀಸರು ಲೈಂಗಿಕ ವೃತ್ತಿಯಲ್ಲಿರುವವರನ್ನು ಘನತೆಯಿಂದ ಕಾಣಬೇಕು ಎಂದೂ ಹೇಳಿದೆ. ಬಸ್ ಸ್ಟ್ಯಾಂಡಿನ ಪಕ್ಕ ನಿಂತವಳ ಬ್ಯಾಗ್ ಸುರಿದು, ಕಾಂಡೋಮ್ ಕಂಡೊಡನೆ ಬೈದು ಜೀಪು ಹತ್ತಿಸುವುದು ಆ ಆದೇಶದ ನಂತರವೂ ನಿಂತಿಲ್ಲ. ನಾಳೆಯಿಂದ ಅವಳು ಕಾಂಡೋಮ್ ಇಟ್ಟುಕೊಳ್ಳುವುದಿಲ್ಲ. ಸೋಂಕು ಮುಂದೆಂದೋ ಬರಬಹುದು, ಜೀಪು ಈ ರಾತ್ರಿಯೇ ಬರುತ್ತದೆ.

ಆದೇಶದ ಕನ್ನಡ ಪ್ರತಿ ರಾಜ್ಯದ ಪ್ರತಿ ಠಾಣೆಯಲ್ಲಿ ಇರಬೇಕು. ಉಲ್ಲಂಘಿಸಿದವರ ಮೇಲೆ ಇಲಾಖಾ ವಿಚಾರಣೆ ಆಗಬೇಕು. 2000ದ ದಶಕದಲ್ಲಿ ಕರ್ನಾಟಕ ದೇಶದ ಆರು ಹೆಚ್ಚು ಎಚ್‌ಐವಿ ಸೋಂಕಿನ ರಾಜ್ಯಗಳಲ್ಲೊಂದು ಎನಿಸಿಕೊಂಡಿತ್ತು. ಆ ಕಾಲದಲ್ಲಿ ಮೈಸೂರಿನ ಆಶೋದಯ ಸಮಿತಿಯಂಥ ಲೈಂಗಿಕ ವೃತ್ತಿಯವರ ಸಂಘಟನೆಗಳು ಮಾತು ಶುರುಮಾಡಿದ್ದು ಕಾಂಡೋಮಿನಿಂದಷ್ಟೇ ಅಲ್ಲ, ಪೊಲೀಸ್ ಮತ್ತು ಗೂಂಡಾಗಳ ಹಿಂಸೆಯಿಂದಲೂ. ಹೊಡೆತದ ಭಯ ತಗ್ಗಿದ ಮೇಲೆ ಸೋಂಕಿನ ಬಗ್ಗೆ ಯೋಚಿಸಲು ಮನಸ್ಸಿಗೆ ಜಾಗ ಸಿಕ್ಕಿತು. ಈ ಅನುಭವ ನಮ್ಮ ರಾಜ್ಯದಲ್ಲೇ ಇದೆ, ಹೊರಗಿನಿಂದ ತರಬೇಕಿಲ್ಲ.

8. ವಾರದ ಕಂತನ್ನು ಆರೋಗ್ಯದ ವಿಷಯ ಎಂದು ಒಪ್ಪಿಕೊಳ್ಳಿ.

ಮೈಕ್ರೋಫೈನಾನ್ಸ್ ವಸೂಲಿಯ ಕಿರುಕುಳಕ್ಕೆ ಜನ ಊರು ಬಿಟ್ಟಾಗ, ಜೀವ ಬಿಟ್ಟಾಗ, 2025ರಲ್ಲಿ ಸರ್ಕಾರವೇ ಸುಗ್ರೀವಾಜ್ಞೆ ತರಬೇಕಾಯಿತು. ಆ ಕಂತಿನ ಹಿಂದಿನ ರಾತ್ರಿ ಎಷ್ಟು ಹೆಂಗಸರು ಒಲ್ಲದ ಷರತ್ತಿಗೆ ಒಪ್ಪಿದರು ಎಂಬುದು ಯಾವ ದಾಖಲೆಯಲ್ಲೂ ಇಲ್ಲ. ನಮಗೆ ಗೊತ್ತು. ಸಾಲದ ಗುಂಪಿನ ಐದು ಹೆಂಗಸರು ಮನೆ ಬಾಗಿಲಲ್ಲಿ ಕೂತಿರುವಾಗ ಗಿರಾಕಿಗೆ ಬೇಡ ಅನ್ನುವ ಶಕ್ತಿ ಎಲ್ಲಿಂದ ಬರಬೇಕು?

ಲೈಂಗಿಕ ವೃತ್ತಿಯಲ್ಲಿರುವ ಹಾಗೂ ಒಂಟಿ ಹೆಣ್ಣುಮಕ್ಕಳ ಸಂಘಗಳಿಗೆ ಬಡ್ಡಿಯಿಲ್ಲದ ತುರ್ತು ನಿಧಿ ಕೊಡಿ. ಬಾಡಿಗೆ ಕರಾರು ತೋರಿಸಲಾಗದವರಿಗೂ ರೇಷನ್ ಕಾರ್ಡ್ ಸಿಗಲಿ. ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯ್ದೆ ಬಂದದ್ದು 1982ರಲ್ಲಿ. 1993–94 ಮತ್ತು 2007–08ರ ಸಮೀಕ್ಷೆಗಳು ಒಟ್ಟು 46,660 ಮಂದಿಯನ್ನು ಗುರುತಿಸಿದವು. ಆ ಪಟ್ಟಿಯಿಂದ ಬಿಟ್ಟುಹೋದವರಿಗೆ, ಪಟ್ಟಿಯಲ್ಲಿರುವವರ ಮಕ್ಕಳಿಗೆ ನೆರವು ತಲುಪದಿದ್ದರೆ ಅದೇ ದಾರಿ ಮುಂದಿನ ತಲೆಮಾರಿಗೂ ತೆರೆದಿರುತ್ತದೆ.

9. ಬಿಳಿಸೆರಗಿಗೆ ಗರ್ಭಕೋಶ ತೆಗೆಯುವುದನ್ನು ತಡೆಯಿರಿ.

ಅಪಾಯವನ್ನು ಕಡಿಮೆ ಎಣಿಸುವ ಹೆಂಗಸರ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಇಲ್ಲದ ಅಪಾಯವನ್ನು ತಲೆಗೆ ತುಂಬಿ ದೋಚಿದ್ದರ ಬಗ್ಗೆ ಮಾತು ಕಡಿಮೆ. ಸುಮಾರು ಒಂದು ದಶಕದ ಹಿಂದೆ ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಹೆಂಗಸರು, ದಲಿತ ಹೆಂಗಸರು ಬಹುಸಂಖ್ಯೆಯಲ್ಲಿ ಗರ್ಭಕೋಶ ಕಳೆದುಕೊಂಡ ವಿಷಯ ಬೆಳಕಿಗೆ ಬಂತು. ಅವರಲ್ಲಿ ನಲವತ್ತು ದಾಟದವರು ಬಹಳ. ಬಿಳಿಸೆರಗು, ಹೊಟ್ಟೆನೋವು, ಸೊಂಟನೋವು ಎಂದು ಹೋದವರಿಗೆ ಸಿಕ್ಕ ಮಾತು: "ತೆಗೆಸದಿದ್ದರೆ ಕ್ಯಾನ್ಸರ್ ಆಗುತ್ತದೆ." ಒಂದು ವಾರದ ಮಾತ್ರೆಯಲ್ಲಿ ಹೋಗಬಹುದಾದ ಸೋಂಕಿಗಾಗಿ ಒಡವೆ ಒತ್ತೆಯಿಟ್ಟು ಆಪರೇಷನ್ ಮಾಡಿಸಿಕೊಂಡರು. ಕಡಿಮೆ ವಯಸ್ಸಿನಲ್ಲಿ ಅಂಡಾಶಯವನ್ನೂ ಕಳೆದುಕೊಂಡವರಿಗೆ ಮೂಳೆ ಸವೆತ, ಬೆವರು, ನಿದ್ದೆಗೇಡು ಉಳಿದವು.

2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳಲು ಎಲ್ಲ ರಾಜ್ಯಗಳಿಗೂ ಸೂಚಿಸಿತು. ನಲವತ್ತರ ಒಳಗಿನ ಪ್ರತಿ ಪ್ರಕರಣವನ್ನೂ ಜಿಲ್ಲಾ ಸಮಿತಿ ಪರಿಶೀಲಿಸಿ, ಆ ಸಂಖ್ಯೆಯನ್ನು ಆಸ್ಪತ್ರೆವಾರು ಪ್ರಕಟಿಸಲಿ. ಶಸ್ತ್ರಚಿಕಿತ್ಸೆಗೆ ಮುನ್ನ ಸೋಂಕಿನ ಪರೀಕ್ಷೆ ಮತ್ತು ಚಿಕಿತ್ಸೆ ಆಗಿತ್ತೇ ಎಂಬುದು ಸಮಿತಿಯ ಪರಿಶೀಲನಾ ಫಾರಂನ ಮೊದಲ ಪ್ರಶ್ನೆಯಾಗಲಿ.

10. ನಮ್ಮ ಕೈಯಲ್ಲೇ ಇರುವ ರಕ್ಷಣೆ ಕೊಡಿ.

ಸರ್ಕಾರದ ನಿರೋಧ್ ಕಾಂಡೋಮ್ ಬಂದು ಅರ್ಧ ಶತಮಾನ ದಾಟಿತು. ಅದು 1968ರಿಂದಲೂ ಗಂಡಸು ಒಪ್ಪಿದರೆ ಮಾತ್ರ ಕೆಲಸಕ್ಕೆ ಬರುವ ವಸ್ತು. ಮಹಿಳಾ ಕಾಂಡೋಮ್ ಉಚಿತವಾಗಿ, ಬೇಕಾದಷ್ಟು ಸಿಗಲಿ. ಎಚ್‌ಐವಿ ತಡೆಯುವ ಪ್ರೆಪ್ ಮಾತ್ರೆಯನ್ನು ಮೈಸೂರು ಮತ್ತು ಕೋಲ್ಕತ್ತದ ಲೈಂಗಿಕ ವೃತ್ತಿಯ ಹೆಂಗಸರೇ ಪ್ರಯೋಗ ಯೋಜನೆಯಲ್ಲಿ ಶಿಸ್ತಿನಿಂದ ತೆಗೆದುಕೊಂಡು ತೋರಿಸಿದ್ದಾರೆ. 2022ರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ (ನ್ಯಾಕೊ) ಮಾರ್ಗಸೂಚಿಯೂ ಬಂದಿದೆ. ಬೇಕೆಂದವರಿಗೆ ಅದು ಸರ್ಕಾರಿ ಕೇಂದ್ರದಲ್ಲೇ ಸಿಗಬೇಕು. ಕೊಡುವಾಗ ಇದು ಸಿಫಿಲಿಸ್, ಗೊನೊರಿಯಾ ತಡೆಯುವುದಿಲ್ಲ ಎಂದು ಹೇಳಿಯೇ ಕೊಡಬೇಕು.

11. ಹದಿನೆಂಟು ತುಂಬದ ಹುಡುಗಿ ಹೆದರದೆ ಬರುವಂತಾಗಲಿ.

ಬಾಲ್ಯವಿವಾಹವಾದವಳು, ಪ್ರೀತಿಸಿದವನ ಜೊತೆ ಹೋದವಳು, ಬಲಾತ್ಕಾರಕ್ಕೆ ಒಳಗಾದವಳು ಮೂವರಿಗೂ ಸೋಂಕು ತಗಲಬಹುದು. ಮೂವರೂ ಆಸ್ಪತ್ರೆಗೆ ಬರುವುದಿಲ್ಲ, ಬಂದರೆ ಪೋಕ್ಸೊ ಕೇಸಾಗುತ್ತದೆ ಎಂಬ ಭಯ. ಮೆಡಿಕಲ್ ಶಾಪಿನಲ್ಲಿ ಲಕ್ಷಣ ಹೇಳಿ ನಾಲ್ಕು ಮಾತ್ರೆ ತರಿಸಿಕೊಳ್ಳುತ್ತಾರೆ. ಅರ್ಧ ಡೋಸಿನ ಆ್ಯಂಟಿಬಯಾಟಿಕ್‌ನಿಂದ ಗೊನೊರಿಯಾ ಔಷಧಕ್ಕೆ ಬಗ್ಗದಂತಾಗುತ್ತದೆ. ಗರ್ಭಪಾತಕ್ಕೆ ಬಂದ ಅಪ್ರಾಪ್ತೆಯ ಕೋರಿಕೆಯಂತೆ ಅವಳ ಹೆಸರು, ಗುರುತು ಬಿಟ್ಟು ವರದಿ ಮಾಡಬಹುದೆಂದು 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸೋಂಕಿನ ಚಿಕಿತ್ಸೆಗೂ ಅದೇ ಅನುಕೂಲ ಸಿಗುವಂತೆ ರಾಜ್ಯ ಸರ್ಕಾರ ಕಾನೂನು ಅಭಿಪ್ರಾಯ ಪಡೆದು ಸ್ಪಷ್ಟ ಸೂಚನೆ ಕೊಡಲಿ. ಬಲಾತ್ಕಾರಕ್ಕೆ ಒಳಗಾದವಳಿಗೆ ಸೋಂಕು ತಡೆಯುವ ಔಷಧವನ್ನು ಎಫ್‌ಐಆರ್‌ಗೆ ಕಾಯದೆ ಆ ಕೂಡಲೇ ಕೊಡಬೇಕು. ಎಚ್‌ಐವಿ ತಡೆ ಮಾತ್ರೆಗೆ 72 ಗಂಟೆಯ ಗಡುವಿದೆ.

12. ಗುಳೆ ಹೋದವರ ಹಿಂದೆಯೇ ಚಿಕಿತ್ಸೆ ಹೋಗಲಿ.

ಯಾದಗಿರಿ ಜಿಲ್ಲೆಯ ತಾಲ್ಲೂಕು ಆಸ್ಪತ್ರೆಯಲ್ಲಿ, ಆರಂಭದ ಹಂತ ದಾಟಿದ ಸಿಫಿಲಿಸ್‌ಗೆ ಮೊದಲ ಇಂಜೆಕ್ಷನ್ ಪಡೆದವಳಿಗೆ ಎರಡನೆಯದು ಬೇಕಾದಾಗ ಅವಳು ಮಹಾರಾಷ್ಟ್ರದ ಕಬ್ಬಿನ ಗದ್ದೆಯಲ್ಲಿರುತ್ತಾಳೆ. ಅಲ್ಲಿಯ ಆಸ್ಪತ್ರೆಯಲ್ಲಿ ಮರಾಠಿಯಲ್ಲಿ ವಿವರಿಸಲು ಅವಳಿಗೆ ಬಾರದು. ಕಾಯಿಲೆಯ ಹೆಸರು ಕಾಣದ, ಔಷಧ ಮತ್ತು ದಿನಾಂಕ ಮಾತ್ರ ಇರುವ ಕಾರ್ಡ್ ಮಾಡಿ. ಸಕ್ಕರೆ ಕಾರ್ಖಾನೆಗಳ ಹಂಗಾಮಿನಲ್ಲಿ ಎರಡೂ ರಾಜ್ಯಗಳು ಸೇರಿ ಕ್ಯಾಂಪ್ ನಡೆಸಲಿ. ಬೆಂಗಳೂರಿನ ಸರ್ಕಾರಿ "ನಮ್ಮ ಕ್ಲಿನಿಕ್"ಗಳು, ಇಎಸ್‌ಐ ಡಿಸ್ಪೆನ್ಸರಿಗಳು ಗಾರ್ಮೆಂಟ್ಸ್ ಪ್ರದೇಶದಲ್ಲಿ ವಾರಕ್ಕೆರಡು ದಿನವಾದರೂ ರಾತ್ರಿ ಎಂಟೂವರೆವರೆಗೆ ತೆರೆದಿರಲಿ. ಅರ್ಧ ದಿನದ ರಜೆಗೆ ಸೂಪರ್‌ವೈಸರ್‌ಗೆ ಕಾರಣ ಹೇಳಬೇಕಾದರೆ ಯಾರೂ ಹೋಗುವುದಿಲ್ಲ.

13. ಎಚ್‌ಪಿವಿ ಲಸಿಕೆ ಸರ್ಕಾರಿ ಶಾಲೆಯ ಪ್ರತಿ ಹುಡುಗಿಗೂ ಉಚಿತವಾಗಿ ಸಿಗಲಿ. ಗರ್ಭಕೊರಳಿನ ಕ್ಯಾನ್ಸರ್ ತರುವುದು ಲೈಂಗಿಕವಾಗಿ ಹರಡುವ ಈ ವೈರಸ್ಸೇ. ಎಚ್‌ಐವಿ ಇರುವ ಹೆಂಗಸರಿಗೆ ಆ ಕ್ಯಾನ್ಸರಿನ ಸಾಧ್ಯತೆ ಆರು ಪಟ್ಟು ಹೆಚ್ಚು. ಎಆರ್‌ಟಿ ಕೇಂದ್ರಕ್ಕೆ ಎಚ್‌ಐವಿ ಮಾತ್ರೆಗೆ ಬಂದ ದಿನವೇ, ಅಲ್ಲೇ, ಆ ಕ್ಯಾನ್ಸರಿನ ತಪಾಸಣೆಯೂ ಆಗಲಿ.

14. ನಮ್ಮ ನಡುವಿನಿಂದಲೇ ಬಂದು ತಿಳಿವಳಿಕೆ ಕೊಡುವ ಪೀರ್ ಎಜುಕೇಟರ್‌ಗಳ ಗೌರವಧನ ಪ್ರತಿ ತಿಂಗಳ ಐದರೊಳಗೆ ಕೈಗೆ ಬರಲಿ. ಆಶಾ ಕಾರ್ಯಕರ್ತೆಗೂ ಹೇಳದ ಮಾತನ್ನು ನಾವು ಹೇಳುವುದು ಅವರ ಹತ್ತಿರ. ಲಾಡ್ಜ್, ಬಸ್ ಸ್ಟ್ಯಾಂಡ್ ಬಿಟ್ಟು ಕೆಲಸ ಫೋನಿಗೆ ಹೋಗಿರುವಾಗ ಅವರಿಗೆ ಫೋನ್ ಮತ್ತು ಡೇಟಾ ಖರ್ಚನ್ನೂ ಕೊಡಬೇಕು.

15. ಸರ್ವೆಯ ಪ್ರಶ್ನೆ ಬದಲಾಗಲಿ.

"ಅಪಾಯ ಇದೆ ಅನ್ನಿಸುತ್ತಾ?" ಎಂದು ಕೇಳುವುದನ್ನು ಬಿಟ್ಟು ಹೀಗೆ ಕೇಳಿ: ಕಳೆದ ಸಲ ಕಾಂಡೋಮ್ ಬೇಡ ಎಂದದ್ದು ಯಾರು? ಬೇಕು ಅಂದಿದ್ದರೆ ಏನಾಗುತ್ತಿತ್ತು? ಈ ವಾರ ನಿಮಗೆ ಅತಿ ಹೆಚ್ಚು ಭಯ ಯಾವುದರದು? ಹೊಟ್ಟೆ ಕೆಳಗೆ ನೋವಾದರೆ ಮೊದಲು ಯಾರಿಗೆ ಹೇಳುತ್ತೀರಿ, ಯಾರಿಗೆ ಹೇಳುವುದಿಲ್ಲ? ಪ್ರಶ್ನಾವಳಿ ಮಾಡುವ ಸಮಿತಿಯಲ್ಲಿ, ಉತ್ತರ ಓದುವ ಸಮಿತಿಯಲ್ಲಿ ನಮ್ಮವರು ಕನಿಷ್ಠ ಮೂರನೇ ಒಂದು ಪಾಲು ಇರಬೇಕು. ನಮ್ಮ ಬಗ್ಗೆ ಬಂದ ವರದಿ ಮೊದಲು ನಮ್ಮ ಮುಂದೆ ಕನ್ನಡದಲ್ಲಿ ಓದಿಸಬೇಕು.

ಮಾನ್ಯರೇ, ಇವುಗಳಲ್ಲಿ 1, 3, 6, 7 ಮತ್ತು 15ನೇ ಬೇಡಿಕೆಗಳಿಗೆ ಬಜೆಟ್ಟಿನ ದೊಡ್ಡ ಹಣ ಬೇಕಿಲ್ಲ. ಸುತ್ತೋಲೆ ಹೊರಡಿಸುವ ಅಧಿಕಾರ ನಿಮ್ಮ ಮೂರೂ ಇಲಾಖೆಗಳಿಗೆ ಇಂದೇ ಇದೆ. 4ನೇ ಬೇಡಿಕೆಗೆ ಬೇಕಾದ್ದು ಒಂದು ಚಿಲಕ, ಒಂದು ಪರದೆ, ಒಂದು ದೀಪ, ಒಂದಿಷ್ಟು ಸಲಕರಣೆ. ಉಳಿದವುಗಳಿಗೆ ಹಣ ಬೇಕು. ಮುಂದಿನ ಬಜೆಟ್ ಪೂರ್ವಭಾವಿ ಸಭೆಗೆ ನಮ್ಮ ಪ್ರತಿನಿಧಿಗಳನ್ನು ಕರೆಯಿರಿ. ಯಾವ ಬೇಡಿಕೆ ಒಪ್ಪಿದ್ದೀರಿ, ಯಾವುದನ್ನು ಒಪ್ಪಿಲ್ಲ, ಯಾಕೆ ಒಪ್ಪಿಲ್ಲ ಎಂಬುದನ್ನು 60 ದಿನಗಳೊಳಗೆ ಲಿಖಿತವಾಗಿ, ಕನ್ನಡದಲ್ಲಿ ತಿಳಿಸಬೇಕೆಂದು ಕೇಳುತ್ತೇವೆ. ಉತ್ತರವನ್ನು ಮನೆಯ ವಿಳಾಸಕ್ಕೆ ಕಳಿಸಬೇಡಿ. ನಮ್ಮಲ್ಲಿ ಬಹಳ ಜನ ಈ ಪತ್ರಕ್ಕೆ ಸಹಿ ಹಾಕಿದ್ದು ಅವರ ಮನೆಯಲ್ಲಿ ಗೊತ್ತಿಲ್ಲ.